ಕಂಪನಿ ಮಾರಿದಾಗ ಕೈಗೆ ಬರುವುದೆಷ್ಟು

ಪತ್ರಿಕೆಯಲ್ಲಿ ಅಚ್ಚಾಗುವ ಮೊತ್ತವೇ ಬೇರೆ, ಸ್ಥಾಪಕರ ಖಾತೆಗೆ ಬೀಳುವ ಮೊತ್ತವೇ ಬೇರೆ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ ಸುಮಾರು ಶೇ. 77ರಷ್ಟು ಪಾಲು ಕೊಂಡಾಗಿನಿಂದ ಬೆಂಗಳೂರಿನಲ್ಲಿ ಕಂಪನಿ ಕಟ್ಟುವವರ ತಲೆಯಲ್ಲಿ ಒಂದು ದೊಡ್ಡ ಅಂಕಿ ಕೂತಿದೆ. ಸುದ್ದಿಯಾಗದೆ ನಡೆಯುವ 20 ಕೋಟಿ, 60 ಕೋಟಿ, 100 ಕೋಟಿ ರೂಪಾಯಿಯ ಮಾರಾಟಗಳ ಕತೆ ಬೇರೆ. ಅವುಗಳ ಕಾಗದಪತ್ರ ನೋಡುವ ನಮಗೆ ಮತ್ತೆ ಮತ್ತೆ ಕಾಣುವುದು ಇಷ್ಟು: ಬೆಲೆಯ ಚೌಕಾಶಿಯಲ್ಲಿ ಸ್ಥಾಪಕರು ಗೆಲ್ಲುವ ಹಣಕ್ಕಿಂತ ಹೆಚ್ಚಿನ ಹಣವನ್ನು ಮೊದಲ ಎರಡು ವರ್ಷದಲ್ಲಿ ಓದದೆ ಹಾಕಿದ ಸಹಿಗಳು, ಹಾಕದೆ ಬಿಟ್ಟ ಸಹಿಗಳು ತಿಂದುಹಾಕಿರುತ್ತವೆ.

ಒಂದು ಲೆಕ್ಕ ಹಾಕೋಣ. ಕೊಳ್ಳುವವರು 60 ಕೋಟಿ ಎಂದರು. ಒಪ್ಪಂದಕ್ಕೆ ಮುನ್ನ ಮುಖ್ಯ ಷರತ್ತುಗಳನ್ನು ಬರೆದಿಡುವ ಟರ್ಮ್ ಶೀಟ್‌ನಲ್ಲಿ ಆ ಅಂಕಿಯ ಪಕ್ಕದಲ್ಲೇ ‘ಸಾಲರಹಿತ, ನಗದುರಹಿತ’ ಎಂಬ ಷರತ್ತು ಇರುತ್ತದೆ. ಅಂದರೆ ಬ್ಯಾಂಕಿನಲ್ಲಿರುವ ನಗದನ್ನು ಕೂಡಿಸಿ, ಸಾಲವನ್ನು ಕಳೆಯಬೇಕು. ನಗದು 2 ಕೋಟಿ ಇದೆ. ವೆಂಚರ್ ಡೆಟ್, ಅಂದರೆ ಹೊಸ ಕಂಪನಿಗಳಿಗೆ ಸಿಗುವ ಸಾಲ, 4 ಕೋಟಿ ಬಾಕಿ. ಗ್ರಾಹಕರಿಂದ ವರ್ಷದ ಚಂದಾ ಮುಂಗಡವಾಗಿ ಬಂದಿದ್ದು, ಸೇವೆ ಕೊಡುವುದು ಇನ್ನೂ ಬಾಕಿಯಿರುವ ಮೊತ್ತವನ್ನೂ ಕೊಳ್ಳುವವರು ಸಾಲವೆಂದೇ ಎಣಿಸಲು ನೋಡುತ್ತಾರೆ, ಅದು 2.5 ಕೋಟಿ. ನೌಕರರ ಗ್ರಾಚ್ಯುಟಿ ಮತ್ತು ರಜೆ ಸಂಬಳದ ಬಾಕಿ 70 ಲಕ್ಷ. ಹಳೆಯ ಜಿಎಸ್‌ಟಿ, ಟಿಡಿಎಸ್ ಕೊರತೆ 80 ಲಕ್ಷ. ಇಷ್ಟು ಕಳೆದು ಕೂಡಿಸಿದರೆ 54 ಕೋಟಿ. ಬ್ಯಾಂಕರ್, ವಕೀಲರು, ಸಿಎ ಎಂದು 3 ಕೋಟಿ ಹೋದರೆ ಹಂಚಲು ಉಳಿಯುವುದು 51 ಕೋಟಿ.

ಇನ್ನು ಹಂಚಿಕೆ. ಇಬ್ಬರು ಸ್ಥಾಪಕರದ್ದು ಸೇರಿ ಶೇ. 50, ಹೂಡಿಕೆದಾರರದ್ದು ಶೇ. 40, ನೌಕರರಿಗೆ ಷೇರು ಕೊಡುವ ಯೋಜನೆಯಾದ ಇಸಾಪ್‌ನದ್ದು ಶೇ. 10. ಹೂಡಿಕೆದಾರರು ಒಟ್ಟು ಹಾಕಿದ ಹಣ 21 ಕೋಟಿ. ಅವರ ಕೈಯಲ್ಲಿರುವುದು ಸಾಮಾನ್ಯ ಷೇರಲ್ಲ, ಸಿಸಿಪಿಎಸ್, ಅಂದರೆ ಮುಂದೆ ಸಾಮಾನ್ಯ ಷೇರಾಗಿ ಬದಲಾಗಲೇಬೇಕಾದ ಪ್ರಿಫರೆನ್ಸ್ ಷೇರು. ಅದರ ಜೊತೆಗೆ ಲಿಕ್ವಿಡೇಷನ್ ಪ್ರಿಫರೆನ್ಸ್, ಅಂದರೆ ಮಾರಾಟದ ಹಣದಲ್ಲಿ ಮೊದಲು ಪಡೆಯುವ ಹಕ್ಕು, ಇದೆ. ಅದು ‘ನಾನ್ ಪಾರ್ಟಿಸಿಪೇಟಿಂಗ್’ ಆಗಿದ್ದರೆ ಅವರು ಹಾಕಿದ 21 ಕೋಟಿಯನ್ನೋ, 51 ಕೋಟಿಯ ಶೇ. 40 ಆದ 20.4 ಕೋಟಿಯನ್ನೋ, ಯಾವುದು ಹೆಚ್ಚೋ ಅದನ್ನು ತೆಗೆದುಕೊಳ್ಳುತ್ತಾರೆ. 21 ಕೋಟಿ ಹೋಗಿ ಉಳಿದ 30 ಕೋಟಿಯಲ್ಲಿ ಸ್ಥಾಪಕರಿಗೆ 25, ನೌಕರರಿಗೆ 5. ಅದೇ ‘ಪಾರ್ಟಿಸಿಪೇಟಿಂಗ್’ ಆಗಿದ್ದರೆ ಮೊದಲು 21 ಕೋಟಿ ಎತ್ತಿಕೊಂಡು, ಉಳಿದ 30 ಕೋಟಿಯಲ್ಲೂ ಶೇ. 40 ಅಂದರೆ 12 ಕೋಟಿ ತೆಗೆದುಕೊಳ್ಳುತ್ತಾರೆ. ಸ್ಥಾಪಕರಿಗೆ 15, ನೌಕರರಿಗೆ 3. ‘ನಾನ್’ ಎಂಬ ಒಂದು ಪದ ಇಲ್ಲದಿದ್ದಕ್ಕೆ ಇಬ್ಬರು ಸ್ಥಾಪಕರು ಕಳೆದುಕೊಂಡದ್ದು 10 ಕೋಟಿ. ಮೊದಲ ಸುತ್ತಿನ ಹಣ ಎತ್ತುವ ಹೊತ್ತಿನಲ್ಲಿ ಎಲ್ಲರ ಕಣ್ಣು ವ್ಯಾಲ್ಯುಯೇಷನ್, ಅಂದರೆ ಕಂಪನಿಗೆ ಕಟ್ಟುವ ಬೆಲೆಯ ಮೇಲಿರುತ್ತದೆ, ಈ ಸಾಲನ್ನು ಯಾರೂ ಎರಡನೇ ಸಲ ಓದುವುದಿಲ್ಲ. ನಮ್ಮ ಮಟ್ಟಿಗೆ, ವ್ಯಾಲ್ಯುಯೇಷನ್ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಈ ಸಾಲು ಸರಿ ಇರಬೇಕು.

ಇದರ ಕೊನೆಯ ಹಂತ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಟ್ರಾಡೋಸ್ ಎಂಬ ಅನುವಾದ ಸಾಫ್ಟ್‌ವೇರ್ ಕಂಪನಿ ದಾಖಲೆಯಲ್ಲಿದೆ. 2005ರಲ್ಲಿ ಅದನ್ನು ಎಸ್‌ಡಿಎಲ್ 6 ಕೋಟಿ ಡಾಲರ್‌ಗೆ ಕೊಂಡಿತು. ಆಡಳಿತ ವರ್ಗದ ಬೋನಸ್‌ಗೆ 78 ಲಕ್ಷ ಡಾಲರ್ ಹೋಯಿತು, ಉಳಿದದ್ದೆಲ್ಲ ಪ್ರಿಫರೆನ್ಸ್ ಷೇರುದಾರರ ಪಾಲಾಯಿತು. ಸಾಮಾನ್ಯ ಷೇರುದಾರರಿಗೆ ಸೊನ್ನೆ. ಪ್ರಕರಣ ಡೆಲವೇರ್ ನ್ಯಾಯಾಲಯಕ್ಕೆ ಹೋಗಿ 2013ರಲ್ಲಿ ತೀರ್ಪು ಬಂದಾಗಲೂ ಸಾಮಾನ್ಯ ಷೇರಿನ ಬೆಲೆ ಸೊನ್ನೆ ಎಂದೇ ಆಯಿತು.

ಮಾರಾಟದ ಹಾದಿ ಹೀಗಿರುತ್ತದೆ: ಗೋಪ್ಯತಾ ಒಪ್ಪಂದ, ಮೊದಲ ಮಾತುಕತೆ, ಟರ್ಮ್ ಶೀಟ್, ಕೊಳ್ಳುವವರು ಕಂಪನಿಯ ದಾಖಲೆ ತಪಾಸಣೆ ಮಾಡುವ ಡ್ಯೂ ಡಿಲಿಜೆನ್ಸ್, ಷೇರು ಖರೀದಿ ಒಪ್ಪಂದ, ಹಣ ಮತ್ತು ಷೇರು ಕೈಬದಲಾಗುವ ಕ್ಲೋಸಿಂಗ್. ನಾಲ್ಕು ತಿಂಗಳೆಂದು ಶುರುವಾದದ್ದು ಸಾಮಾನ್ಯವಾಗಿ ಆರು ದಾಟುತ್ತದೆ. ಇದರಲ್ಲಿ ಸ್ಥಾಪಕರ ಮಾತಿಗೆ ತೂಕ ಇರುವುದು ಟರ್ಮ್ ಶೀಟ್‌ಗೆ ಸಹಿ ಹಾಕುವವರೆಗೆ ಮಾತ್ರ. ಆ ಕಾಗದದ ಬಹುಪಾಲು ಯಾರನ್ನೂ ಕಟ್ಟಿಹಾಕದು, ಆದರೆ ‘45 ಅಥವಾ 60 ದಿನ ಬೇರೆ ಯಾರ ಜೊತೆಗೂ ಮಾತಾಡುವಂತಿಲ್ಲ’ ಎಂಬ ಭಾಗ ಮಾತ್ರ ಕಟ್ಟಿಹಾಕುತ್ತದೆ. ಅಷ್ಟರಲ್ಲಿ ಬೇರೆ ಗಿರಾಕಿ ಕೈಬಿಟ್ಟು ಹೋಗಿರುತ್ತಾನೆ, ತಂಡಕ್ಕೆ ಸುಳಿವು ಸಿಕ್ಕಿರುತ್ತದೆ, ಸಂಬಳಕ್ಕೆ ಇಟ್ಟ ಹಣ ಕರಗುತ್ತಿರುತ್ತದೆ. ಆಮೇಲೆ ಒಂದೊಂದೇ ಕಡಿತ ಶುರು. ಹಾಗಾಗಿ ಎಸ್ಕ್ರೋದಲ್ಲಿ (ಮುಂದಿನ ಕ್ಲೇಮ್‌ಗಳಿಗೆಂದು ಮೂರನೆಯವರ ಬಳಿ ತಡೆದಿಡುವ ಹಣದಲ್ಲಿ) ಎಷ್ಟು, ಎಷ್ಟು ತಿಂಗಳು, ನಷ್ಟ ತುಂಬಿಕೊಡುವ ಹೊಣೆಯ ಮಿತಿ ಎಷ್ಟು, ಮುಂಗಡ ಚಂದಾ ಸಾಲವೋ ಅಲ್ಲವೋ, ಇಸಾಪ್ ಗತಿ ಏನು, ಸ್ಥಾಪಕರು ಎಷ್ಟು ವರ್ಷ ಅಲ್ಲೇ ಕೆಲಸ ಮಾಡಬೇಕು, ಈ ಆರನ್ನೂ ಟರ್ಮ್ ಶೀಟ್‌ನಲ್ಲೇ ಅಂಕಿಯಲ್ಲಿ ಬರೆಸಬೇಕು. ‘ವಾಡಿಕೆಯ ಪ್ರಕಾರ’ ಎಂದು ಬರೆದುಬಿಟ್ಟರೆ ಆ ವಾಡಿಕೆ ಯಾವಾಗಲೂ ಕೊಳ್ಳುವವರ ವಕೀಲರದ್ದೇ.

ಡ್ಯೂ ಡಿಲಿಜೆನ್ಸ್ ಎಂದರೆ ಸೈಟು ಕೊಳ್ಳುವ ಮುನ್ನ ಇಸಿ ತೆಗೆಸಿ, ಖಾತೆ ನೋಡಿ, ಮೂಲಪತ್ರ ಓದಿದಂತೆ. ಇಲ್ಲಿ ಮೊದಲು ತೆರೆಯುವುದು ಕ್ಯಾಪ್ ಟೇಬಲ್, ಅಂದರೆ ಯಾರ ಬಳಿ ಎಷ್ಟು ಷೇರಿದೆ ಎಂಬ ಪಟ್ಟಿ. ಎಕ್ಸೆಲ್ ಶೀಟಿನಲ್ಲಿರುವುದು, ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯಕ್ಕೆ (ಎಂಸಿಎ) ಸಲ್ಲಿಸಿದ್ದು, ಷೇರು ಸರ್ಟಿಫಿಕೇಟಿನಲ್ಲಿರುವುದು, ಈ ಮೂರೂ ತಾಳೆಯಾಗಬೇಕು. ಆಯ್ದ ಕೆಲವರಿಗೆ ಮಾತ್ರ ಷೇರು ಕೊಡುವ ಖಾಸಗಿ ಹಂಚಿಕೆಯಲ್ಲಿ ಹಣ ಬಂದ 60 ದಿನದೊಳಗೆ ಷೇರು ಹಂಚಬೇಕು, ಹಂಚಿದ 15 ದಿನದೊಳಗೆ ಹಂಚಿಕೆಯ ವಿವರ ಕೊಡುವ ಪಾಸ್-3 ಫಾರಂ ಹಾಕಬೇಕು, ಅದನ್ನು ಹಾಕುವವರೆಗೆ ಆ ಹಣ ಮುಟ್ಟುವಂತಿಲ್ಲ. ಗಡಿಬಿಡಿಯಲ್ಲಿ ಹಣ ಬಂದ ದಿನವೇ ಸಂಬಳ ಕೊಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಎರಡನೆಯದು ಬಿಟ್ಟುಹೋದ ಸ್ಥಾಪಕ. ಮೂವರು ಸೇರಿ ಶುರು ಮಾಡಿ, ಎಂಟು ತಿಂಗಳಿಗೆ ಒಬ್ಬರು ಕೆಲಸಕ್ಕೆ ವಾಪಸ್ ಹೋಗಿರುತ್ತಾರೆ, ಅವರ ಶೇ. 15 ಹಾಗೆಯೇ ಉಳಿದಿರುತ್ತದೆ. ಸ್ಥಾಪಕರ ಷೇರಿಗೂ ನಾಲ್ಕು ವರ್ಷದ ವೆಸ್ಟಿಂಗ್ (ಕೆಲಸ ಮಾಡಿದ ಕಾಲಕ್ಕೆ ತಕ್ಕಂತೆ ಷೇರು ಸ್ವಂತವಾಗುವುದು), ಮೊದಲ ವರ್ಷ ಪೂರ್ತಿಯಾಗದಿದ್ದರೆ ಏನೂ ಇಲ್ಲ ಎಂಬ ಷರತ್ತು ಮೊದಲ ದಿನವೇ ಬರೆದಿದ್ದರೆ ಈ ತಲೆನೋವಿಲ್ಲ. ಬರೆಯದಿದ್ದರೆ ಶೇ. 100 ಷೇರು ಬೇಕೆನ್ನುವ ಗಿರಾಕಿ ಆ ಒಂದು ಸಹಿಗಾಗಿ ಕಾಯುತ್ತಾನೆ, ಆ ಸಹಿಯ ಬೆಲೆ ವಾರ ವಾರ ಏರುತ್ತದೆ. ಬಹುಮತದವರು ಮಾರಿದರೆ ಉಳಿದವರೂ ಮಾರಲೇಬೇಕೆಂಬ ಡ್ರ್ಯಾಗ್ ಅಲಾಂಗ್ ಷರತ್ತು ಹೂಡಿಕೆದಾರರ ಒಪ್ಪಂದದಲ್ಲಿದ್ದರೆ ಸಾಲದು. ಕಂಪನಿಯ ಒಳನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲೂ ಇರಬೇಕು, ಬಿಟ್ಟುಹೋದವರೂ ಅದಕ್ಕೆ ಸಹಿ ಹಾಕಿರಬೇಕು. ಇಬ್ಬರು ಸದಸ್ಯರು ಬೇಕೆಂಬ ಕಾರಣಕ್ಕೆ ಅಮ್ಮನ ಹೆಸರಿನಲ್ಲೋ ಹೆಂಡತಿಯ ಹೆಸರಿನಲ್ಲೋ ಇಟ್ಟ ಹತ್ತು ಷೇರುಗಳನ್ನು ಎಲ್ಲರೂ ಮರೆತಿರುತ್ತಾರೆ. ಅವರೂ ಮಾರುವವರೇ, ಅವರ ಸಹಿಯೂ ಬೇಕು.

ಮೂರನೆಯದು ಹೆಸರು. ಸಣ್ಣ ಕಂಪನಿಯೆಂಬ ವಿನಾಯಿತಿ ದಾಟಿದ ಖಾಸಗಿ ಕಂಪನಿಗಳು ಈಗ ಷೇರುಗಳನ್ನು ಡಿಮ್ಯಾಟ್ ಮಾಡಿಸಲೇಬೇಕು. ಷೇರಿನ ಗುರುತು ಸಂಖ್ಯೆಯಾದ ಐಸಿನ್ ಪಡೆಯುವುದು, ಷೇರುದಾರರ ದಾಖಲೆ ನೋಡಿಕೊಳ್ಳುವ ಆರ್‌ಟಿಎ ನೇಮಿಸುವುದು ಕೆಲವು ವಾರದ ಕೆಲಸ. ನಮ್ಮ ಕಡೆಯ ಹೆಸರುಗಳ ಮುಂದೆ ಊರಿನದ್ದೊಂದು, ತಂದೆಯದ್ದೊಂದು ಇನಿಶಿಯಲ್ ಇರುತ್ತದೆ. ಷೇರು ಸರ್ಟಿಫಿಕೇಟಿನಲ್ಲಿ ಎರಡು ಅಕ್ಷರ, ಪ್ಯಾನ್ ಕಾರ್ಡಿನಲ್ಲಿ ಅದನ್ನು ಬಿಡಿಸಿ ಬರೆದ ಪೂರ್ತಿ ಹೆಸರು, ಆಧಾರ್‌ನಲ್ಲಿ ಇನ್ನೊಂದು ಕ್ರಮ. ಡಿಮ್ಯಾಟ್ ಅರ್ಜಿ ವಾಪಸ್ ಬರುತ್ತದೆ, ಅಫಿಡವಿಟ್ ಮಾಡಿಸಬೇಕಾಗುತ್ತದೆ. ಐದು ನಿಮಿಷದ ತಪ್ಪಿಗೆ ಹದಿನೈದು ದಿನ. ಕಂಪನಿ ನೋಂದಾಯಿಸುವಾಗಲೇ ಪ್ಯಾನ್‌ನಲ್ಲಿರುವ ಹಾಗೆ ಅಕ್ಷರಕ್ಕಕ್ಷರ ಬರೆಯಿರಿ.

ನಾಲ್ಕನೆಯದು ಹೊರದೇಶದ ಹಣ. ನ್ಯೂಜೆರ್ಸಿಯ ಗೆಳೆಯರೊಬ್ಬರು ಹತ್ತು ಲಕ್ಷ ಹಾಕಿರುತ್ತಾರೆ. ವಾಪಸ್ ಒಯ್ಯುವ ಹಕ್ಕಿನ ಸಮೇತ ಬಂದ ಹಣವಾದರೆ ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ಎಂಬ ವರದಿ ಸಲ್ಲಿಸಿರಬೇಕು. ಅನಿವಾಸಿ ಭಾರತೀಯರು ವಾಪಸ್ ಒಯ್ಯದ ಷರತ್ತಿನಲ್ಲಿ ಹಾಕಿದ್ದರೆ ಅದು ದೇಶೀಯ ಹೂಡಿಕೆಯಂತೆಯೇ. ಯಾವುದು ಎಂದು ಆಗ ಬರೆದಿಟ್ಟಿರದಿದ್ದರೆ ಈಗ ಬ್ಯಾಂಕಿನಿಂದ ಹೊರದೇಶದ ಹಣ ಬಂದದ್ದಕ್ಕೆ ಕೊಡುವ ಹಳೆಯ ಪ್ರಮಾಣಪತ್ರ (ಎಫ್‌ಐಆರ್‌ಸಿ) ಹುಡುಕಿಸಬೇಕು. ಹಿಂದಿನದು ದಾಖಲಾಗದೆ ಮುಂದಿನದು ದಾಖಲಾಗುವುದಿಲ್ಲ: ವಿದೇಶಿ ಕಂಪನಿ ಕೊಳ್ಳುವಾಗ ಇಲ್ಲಿನ ಪ್ರತಿ ಷೇರುದಾರರ ಪಾಲಿಗೂ 60 ದಿನದೊಳಗೆ ಷೇರು ವರ್ಗಾವಣೆಯ ವರದಿಯಾದ ಎಫ್‌ಸಿ-ಟಿಆರ್‌ಎಸ್ ಹಾಕಬೇಕು, ರಿಸರ್ವ್ ಬ್ಯಾಂಕಿನ ಫರ್ಮ್ಸ್ ಪೋರ್ಟಲ್‌ನಲ್ಲಿ ಹಳೆಯ ಲೆಕ್ಕ ತಪ್ಪಿದ್ದರೆ ಬ್ಯಾಂಕು ಅಲ್ಲೇ ನಿಲ್ಲಿಸುತ್ತದೆ. ತಡವಾದದ್ದನ್ನು ದಂಡ ಕಟ್ಟಿ ಸರಿಮಾಡಬಹುದು. ದಂಡಕ್ಕಿಂತ ಹೋಗುವ ಸಮಯವೇ ದುಬಾರಿ.

ಕೋಡ್ ಯಾರದ್ದು ಎಂಬ ಪ್ರಶ್ನೆಗೆ ಹೆಚ್ಚಿನ ಸ್ಥಾಪಕರು ನಗುತ್ತಾರೆ. ನೌಕರರು ಕೆಲಸದ ಭಾಗವಾಗಿ ಬರೆದದ್ದು ಕಂಪನಿಯದ್ದು, ನಿಜ. ಆದರೆ ಮೊದಲ ಆವೃತ್ತಿ ಬರೆದದ್ದು ನೌಕರನಲ್ಲ, ಫ್ರೀಲಾನ್ಸರ್. ಭಾರತದ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲಿಖಿತ ವರ್ಗಾವಣೆ ಇಲ್ಲದಿದ್ದರೆ ಆ ಕೋಡ್ ಅವನದ್ದೇ. ವರ್ಗಾವಣೆ ಪತ್ರ ಇದ್ದರೂ ಸೆಕ್ಷನ್ 19 ಓದಬೇಕು: ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದು, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ ಎಂದು ತಿಳಿಯಲಾಗುತ್ತದೆ, ಒಂದು ವರ್ಷ ಆ ಹಕ್ಕು ಬಳಸದಿದ್ದರೆ ಅದು ರದ್ದಾಗುತ್ತದೆ, ಬೇರೆ ರೀತಿ ಬರೆದಿರದಿದ್ದರೆ. ಅಮೆರಿಕದ ಗ್ರಾಹಕರಿಗೆ ಮಾರುವ ಸಾಫ್ಟ್‌ವೇರಿನ ಹೃದಯಭಾಗಕ್ಕೆ ಭಾರತದೊಳಗಿನ ಐದು ವರ್ಷದ ಹಕ್ಕು ಮಾತ್ರ ಇದೆ ಎಂದು ಗೊತ್ತಾದಾಗ ಕೊಳ್ಳುವವರ ವಕೀಲರ ಮುಖ ನೋಡಬೇಕು. ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಬಳಸದಿದ್ದರೂ ರದ್ದಾಗದಂತೆ’ ಎಂಬ ಒಂದೇ ಸಾಲು ಸಾಕಿತ್ತು. ಆರು ವರ್ಷದ ನಂತರ ಆ ಫ್ರೀಲಾನ್ಸರನ್ನು ಹುಡುಕಿ ಸಹಿ ಹಾಕಿಸುವುದು ಬೇರೆಯೇ ಖರ್ಚು.

ಇದರ ಜೊತೆಗೆ ಡೊಮೇನ್, ಆ್ಯಪ್ ಸ್ಟೋರ್ ಖಾತೆ, ಟ್ರೇಡ್‌ಮಾರ್ಕ್ ಸ್ಥಾಪಕರ ಖಾಸಗಿ ಹೆಸರಿನಲ್ಲಿರುವುದು, ತನ್ನನ್ನು ಸೇರಿಸಿಕೊಂಡ ಕೋಡನ್ನೂ ಬಹಿರಂಗಪಡಿಸಬೇಕೆನ್ನುವ ಎಜಿಪಿಎಲ್ ಲೈಸೆನ್ಸಿನ ಲೈಬ್ರರಿಯನ್ನು ಸರ್ವರಿನ ಕೋಡ್‌ಗೆ ಸೇರಿಸಿರುವುದು, ಹಳೆಯ ಕಂಪನಿಯ ನೋಟಿಸ್ ಅವಧಿಯಲ್ಲೇ ಅವರ ಲ್ಯಾಪ್‌ಟಾಪಿನಲ್ಲಿ ಮೊದಲ ಕೋಡ್ ಬರೆದಿರುವುದು. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದನ್ನು ಸರಿಪಡಿಸುವ ಸಹಿ ನಿಮ್ಮ ಹಳೆಯ ಮಾಲೀಕರ ಕೈಯಲ್ಲಿದೆ.

ತೆರಿಗೆಯ ಕಡೆ ಬರುವ ಪ್ರಶ್ನೆಗಳು ಬಹುತೇಕ ಅವೇ. ವಿದೇಶಿ ಕ್ಲೌಡ್, ಸಾಫ್ಟ್‌ವೇರ್ ಸೇವೆ ಕೊಂಡದ್ದಕ್ಕೆ, ವಕೀಲರಿಗೆ ಕೊಟ್ಟ ಶುಲ್ಕಕ್ಕೆ ರಿವರ್ಸ್ ಚಾರ್ಜ್‌ನಲ್ಲಿ (ಮಾರಿದವರ ಬದಲು ಕೊಂಡವರೇ ಕಟ್ಟುವ ರೀತಿಯಲ್ಲಿ) ಜಿಎಸ್‌ಟಿ ಕಟ್ಟಿದ್ದೀರಾ? ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಬೇಕಾದ ಮುಚ್ಚಳಿಕೆಯನ್ನು (ಎಲ್‌ಯುಟಿ) ಪ್ರತಿ ವರ್ಷ ಹಾಕಿದ್ದೀರಾ? ಸಾಫ್ಟ್‌ವೇರ್ ರಫ್ತಿಗೆ ಸಾಫ್ಟೆಕ್ಸ್ ಫಾರಂ ಸಲ್ಲಿಸಿದ್ದೀರಾ? 20 ಜನ ದಾಟಿದ ತಿಂಗಳಿಂದಲೇ ಪಿಎಫ್ ಶುರುವಾಗಿದೆಯೇ? ಅಮೆರಿಕದ ಗ್ರಾಹಕರಿದ್ದರೆ ಇನ್ನೊಂದು: ಅಲ್ಲಿನ ಸುಪ್ರೀಂ ಕೋರ್ಟ್‌ನ 2018ರ ವೇಫೇರ್ ತೀರ್ಪಿನ ನಂತರ ಅಲ್ಲಿ ಕಚೇರಿ ಇಲ್ಲದಿದ್ದರೂ ಮಾರಾಟ ಒಂದು ಮಟ್ಟ ದಾಟಿದರೆ ರಾಜ್ಯಗಳು ಸೇಲ್ಸ್ ಟ್ಯಾಕ್ಸ್ ಕೇಳಬಹುದು. ನ್ಯೂಯಾರ್ಕ್, ಟೆಕ್ಸಾಸ್, ವಾಷಿಂಗ್ಟನ್, ಪೆನ್ಸಿಲ್ವೇನಿಯಾದಲ್ಲಿ ಚಂದಾ ಆಧಾರಿತ ಸಾಫ್ಟ್‌ವೇರಿಗೂ ತೆರಿಗೆ ಇದೆ. ಬೆಂಗಳೂರಿನ ಕಂಪನಿಗಳಿಗೆ ಇದು ಗೊತ್ತಾಗುವುದೇ ಡ್ಯೂ ಡಿಲಿಜೆನ್ಸ್ ವರದಿಯಲ್ಲಿ, ಅದೂ ಬೆಲೆಯಿಂದ ಕಳೆಯಬೇಕಾದ ಮೊತ್ತದ ರೂಪದಲ್ಲಿ.

ಇಸಾಪ್ ವಿಷಯದಲ್ಲಿ ಮನಸ್ಸು ಮುರಿಯುವಷ್ಟು ಬೇರೆಲ್ಲೂ ಮುರಿಯುವುದಿಲ್ಲ. ಆಫರ್ ಲೆಟರಿನಲ್ಲಿ ‘ಶೇ. 0.5 ಷೇರು’ ಎಂದು ಬರೆದಿರುತ್ತಾರೆ. ಯಾವ ದಿನದ ಒಟ್ಟಿನ ಶೇ. 0.5? ಎರಡು ಸುತ್ತು ಹಣ ಎತ್ತಿದ ಮೇಲೆ ಅದು ಎಷ್ಟು? ಷೇರುದಾರರ ನಿರ್ಣಯ ಆಗಿದೆಯೇ, ಯಾರಿಗೆ ಎಷ್ಟು ಎಂದು ಬರೆದ ಗ್ರಾಂಟ್ ಲೆಟರ್ ಕೊಟ್ಟಿದ್ದೀರಾ? ಎಷ್ಟೋ ಕಡೆ ಇಮೇಲ್ ಬಿಟ್ಟರೆ ಏನೂ ಇರುವುದಿಲ್ಲ. ಶೇಕಡಾ ಬರೆಯಬೇಡಿ, ಆಯ್ಕೆಗಳ (ನಿಗದಿತ ಬೆಲೆಗೆ ಮುಂದೆ ಷೇರು ಪಡೆಯುವ ಹಕ್ಕುಗಳ) ಸಂಖ್ಯೆ ಬರೆಯಿರಿ. ತೆರಿಗೆಯೂ ಇದೆ: ಕ್ಲೋಸಿಂಗ್ ದಿನವೇ ಆಯ್ಕೆ ಚಲಾಯಿಸಿ ಷೇರು ಪಡೆದು ಅದೇ ದಿನ ಮಾರಿದರೆ ಪೂರ್ತಿ ಲಾಭ ಸಂಬಳವೆಂದೇ ಲೆಕ್ಕ, ಸ್ಲ್ಯಾಬ್ ದರದಲ್ಲಿ ಟಿಡಿಎಸ್ ಕಡಿತವಾಗುತ್ತದೆ. ಕೈಗೆ ಬಂದ ಮೊತ್ತ ನೋಡಿ ನೌಕರರು ಸ್ಥಾಪಕರನ್ನೇ ಅನುಮಾನಿಸುತ್ತಾರೆ. ಟರ್ಮ್ ಶೀಟ್ ಆದ ವಾರವೇ ಪ್ರತಿಯೊಬ್ಬರಿಗೂ ತೆರಿಗೆ ಕಳೆದ ಲೆಕ್ಕವನ್ನು ಒಂದು ಹಾಳೆಯಲ್ಲಿ ಸಿದ್ಧಮಾಡಿಟ್ಟುಕೊಳ್ಳುವುದು ಒಳ್ಳೆಯದು. ಸುದ್ದಿ ಹೇಳುವ ದಿನ ಅದೇ ಹಾಳೆ ಕೊಡಬೇಕು.

ಷೇರು ಖರೀದಿ ಒಪ್ಪಂದ ನೂರು ಪುಟ ಮೀರಬಹುದು. ಸ್ಥಾಪಕರು ಕೂತು ಓದಬೇಕಾದದ್ದು ವಾರಂಟಿ (ಕಂಪನಿಯ ಬಗ್ಗೆ ಕೊಡುವ ಭರವಸೆ) ಮತ್ತು ಇಂಡೆಮ್ನಿಟಿಯ (ಅದು ಸುಳ್ಳಾದರೆ ನಷ್ಟ ತುಂಬಿಕೊಡುವ ಹೊಣೆಯ) ಭಾಗ. ಹೂಡಿಕೆ ಸಂಸ್ಥೆಗಳು ‘ಈ ಷೇರು ನಮ್ಮದೇ, ಮಾರುವ ಹಕ್ಕು ನಮಗಿದೆ’ ಎನ್ನುವುದಕ್ಕಿಂತ ಹೆಚ್ಚಿನ ಭರವಸೆ ಕೊಡುವುದಿಲ್ಲ. ವ್ಯವಹಾರ, ತೆರಿಗೆ, ಗ್ರಾಹಕರು, ಕೋಡ್, ಎಲ್ಲದರ ಹೊಣೆ ಸ್ಥಾಪಕರ ತಲೆಗೆ. ಮೇಲಿನ ಲೆಕ್ಕದಲ್ಲಿ 51 ಕೋಟಿಯಲ್ಲಿ 15 ಕೋಟಿ ಪಡೆದವರು ಪೂರ್ತಿ ಬೆಲೆಗೆ ಹೊಣೆ ಹೊರುವುದು ಹೀಗೆ. ಮೂರು ವಿಷಯ ಬಿಡಬಾರದು. ಹೊಣೆ ಜಂಟಿಯಾಗಿರದೆ ಅವರವರದ್ದು ಅವರವರಿಗೇ ಇರಬೇಕು. ಗರಿಷ್ಠ ಮಿತಿ ನೀವು ತೆರಿಗೆ ಕಳೆದು ನಿಜವಾಗಿ ಪಡೆದ ಮೊತ್ತವನ್ನು ದಾಟಬಾರದು, ವ್ಯವಹಾರದ ವಾರಂಟಿಗೆ ಅದಕ್ಕಿಂತಲೂ ಬಹಳ ಕಡಿಮೆ ಇರಬೇಕು. ಡಿಸ್‌ಕ್ಲೋಷರ್ ಲೆಟರಿನಲ್ಲಿ ಗೊತ್ತಿರುವ ಪ್ರತಿ ಹುಳುಕನ್ನೂ ಹೆಸರು, ದಿನಾಂಕ, ಮೊತ್ತದ ಸಮೇತ ಬರೆಯಬೇಕು. ಮುಚ್ಚಿಟ್ಟದ್ದು ವಾರಂಟಿ ಮುರಿದಂತೆ, ಬರೆದದ್ದು ಸಾಮಾನ್ಯವಾಗಿ ಕೊಳ್ಳುವವರಿಗೆ ಗೊತ್ತಿದ್ದೇ ಕೊಂಡಂತೆ. ಸಂಕೋಚಕ್ಕೆ ಇಲ್ಲಿ ಜಾಗವಿಲ್ಲ.

ಪ್ರತಿಸ್ಪರ್ಧೆ ಮಾಡುವಂತಿಲ್ಲ ಎಂಬ ಷರತ್ತಿನ ಬಗ್ಗೆಯೂ ಒಂದು ಮಾತು. ಕೆಲಸ ಬಿಟ್ಟ ನೌಕರನ ಮೇಲೆ ಇಂಥ ನಿರ್ಬಂಧ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲದು ಎಂದು ಎಲ್ಲರಿಗೂ ಗೊತ್ತು. ವ್ಯವಹಾರದ ಗುಡ್‌ವಿಲ್ (ಗಳಿಸಿದ ಹೆಸರು, ಗ್ರಾಹಕರ ನಂಬಿಕೆ) ಮಾರಿದವರಿಗೆ ಮಾತ್ರ ಅದೇ ಸೆಕ್ಷನ್‌ನಲ್ಲಿ ಅಪವಾದವಿದೆ. ನೀವು ಆ ಎರಡನೇ ಗುಂಪಿನವರು.

ಹಣ ಒಂದೇ ಸಲ ಬರುವುದು ಅಪರೂಪ. ಒಂದು ಭಾಗ ಎಸ್ಕ್ರೋಗೆ, ಒಂದು ಭಾಗ ಅರ್ನ್-ಔಟ್‌ಗೆ (ಮುಂದಿನ ಗುರಿ ಮುಟ್ಟಿದರೆ ಮಾತ್ರ ಸಿಗುವ ಹಣ), ಕೆಲವೊಮ್ಮೆ ಒಂದು ಭಾಗ ಕೊಳ್ಳುವ ಕಂಪನಿಯ ಷೇರುಗಳ ರೂಪದಲ್ಲಿ. 2015ರ ಮಾರ್ಚಿನಲ್ಲಿ ಓಲಾ ಬೆಂಗಳೂರಿನದೇ ಟ್ಯಾಕ್ಸಿಫಾರ್‌ಶೂರ್ ಕಂಪನಿಯನ್ನು 20 ಕೋಟಿ ಡಾಲರ್‌ಗೆ, ನಗದು ಮತ್ತು ಷೇರು ಸೇರಿಸಿ ಕೊಂಡಿತು. 2016ರಲ್ಲಿ ಆ ಸೇವೆಯನ್ನೇ ಮುಚ್ಚಿತು. ಕೊಂಡವರಿಗೆ ಮುಚ್ಚುವ ಹಕ್ಕು ಪೂರ್ತಿ ಇರುತ್ತದೆ. ಆದ್ದರಿಂದ ಮುಂದಿನ ಮೂರು ವರ್ಷದ ಲಾಭದ ಮೇಲೆ ನಿಂತ ಅರ್ನ್-ಔಟ್ ಒಪ್ಪುವ ಮುನ್ನ, ಖರ್ಚು ಯಾರು ಹಾಕುತ್ತಾರೆ, ಉತ್ಪನ್ನ ನಿಲ್ಲಿಸಿದರೆ ಏನು ಎಂದು ಕೇಳಬೇಕು. ಲಾಭದ ಮೇಲೆ ಬೇಡ, ಮಾರಾಟದ ಮೊತ್ತದ ಮೇಲೆ ಕೇಳಿ. ಹೊಸ ಮಾಲೀಕರು ತಮ್ಮ ಮುಖ್ಯ ಕಚೇರಿಯ ಖರ್ಚನ್ನು ನಿಮ್ಮ ವಿಭಾಗಕ್ಕೆ ಹಾಕಿದರೆ ಲಾಭ ಮಾಯವಾಗುತ್ತದೆ, ಮಾರಾಟ ಮಾಯವಾಗದು.

ಕೊಳ್ಳುವವರು ವಿದೇಶಿಯರಾದರೆ ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದ ನಿಯಮ ಅಡ್ಡ ಬರುತ್ತದೆ. ಷೇರಿನ ಬೆಲೆಯಲ್ಲಿ ಶೇ. 25ಕ್ಕಿಂತ ಹೆಚ್ಚಿನದನ್ನು ಮುಂದೂಡುವಂತಿಲ್ಲ, ಅದನ್ನೂ ಒಪ್ಪಂದದ ದಿನದಿಂದ 18 ತಿಂಗಳೊಳಗೆ ಕೊಟ್ಟುಬಿಡಬೇಕು. ಮೂರು ವರ್ಷದ ಅರ್ನ್-ಔಟ್ ಇದರಲ್ಲಿ ಹಿಡಿಯದು. ಆಗ ವಕೀಲರು ಅದನ್ನು ಷೇರಿನ ಬೆಲೆಯಿಂದ ಹೊರಗೆಳೆದು, ಕೆಲಸದಲ್ಲಿ ಉಳಿದರೆ ಕೊಡುವ ಬೋನಸ್ ಎಂದು ಬರೆಯುತ್ತಾರೆ. ನೋಡಲು ಅದೇ ಹಣ, ತೆರಿಗೆ ಮಾತ್ರ ಅದಲ್ಲ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಪಟ್ಟಿಯಾಗದ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ದರ ಶೇ. 12.5, ಕೋಟಿ ದಾಟಿದವರಿಗೆ ಶೇ. 15 ಸರ್ಚಾರ್ಜ್, ಶೇ. 4 ಸೆಸ್ ಸೇರಿ ಶೇ. 14.95. ಅದೇ ಹಣ ಬೋನಸ್ ಆದರೆ, ಹೊಸ ಪದ್ಧತಿಯ ಗರಿಷ್ಠ ಮಟ್ಟದಲ್ಲಿ ಶೇ. 39. ಒಂದು ಕೋಟಿಗೆ 24 ಲಕ್ಷದ ವ್ಯತ್ಯಾಸ. ಟರ್ಮ್ ಶೀಟ್ ಬರೆಯುವಾಗಲೇ ಸಿಎ ಪಕ್ಕದಲ್ಲಿರಬೇಕು ಎನ್ನುವುದು ಇದಕ್ಕೆ.

ಕ್ಲೋಸಿಂಗ್ ದಿನ ಹೊರಗಿನಿಂದ ನೋಡಿದರೆ ನೀರಸ. ಬೋರ್ಡ್ ಸಭೆ, ಹಳೆಯ ನಿರ್ದೇಶಕರ ರಾಜೀನಾಮೆ, ಹೊಸಬರ ನೇಮಕ, ಬ್ಯಾಂಕ್ ಸಹಿದಾರರ ಬದಲಾವಣೆ, ಡಿಮ್ಯಾಟ್ ವರ್ಗಾವಣೆಯ ಸ್ಲಿಪ್, ಶೇ. 0.015 ಸ್ಟಾಂಪ್ ಡ್ಯೂಟಿ. ಕಾಯಿಸುವುದು ಹಣ. ಹೊರದೇಶದಿಂದ ಬಂದ ಹಣವನ್ನು ಪ್ರತಿ ಷೇರುದಾರರ ಬ್ಯಾಂಕು ತಡೆದಿಟ್ಟು ‘ಇದು ಯಾವುದರ ಹಣ’ ಎಂದು ಕೇಳುತ್ತದೆ. ಒಪ್ಪಂದದ ಪ್ರತಿ, ವ್ಯಾಲ್ಯುಯೇಷನ್ ಸರ್ಟಿಫಿಕೇಟ್ ಹಿಡಿದು ಶಾಖೆಯ ಮ್ಯಾನೇಜರನ್ನು ಒಂದು ವಾರ ಮೊದಲೇ ಕಂಡು ಬಂದವರಿಗೆ ಅದೇ ದಿನ ಸಿಗುತ್ತದೆ, ಉಳಿದವರಿಗೆ ಮೂರು ನಾಲ್ಕು ದಿನ. ಶುಕ್ರವಾರ ಕ್ಲೋಸಿಂಗ್ ಇಟ್ಟುಕೊಳ್ಳಬೇಡಿ.

ಹಣ ಬಂದ ಮೇಲೆ ಮುಂಗಡ ತೆರಿಗೆಯ ಮುಂದಿನ ಕಂತಿನ ದಿನಾಂಕ ನೋಡಿ. ಡಿಸೆಂಬರ್ 15, ಮಾರ್ಚ್ 15 ಬೇಗ ಬರುತ್ತವೆ. ಲಾಭವನ್ನು ಮನೆಗೆ ಹಾಕಿ ತೆರಿಗೆ ಉಳಿಸುವ ಯೋಚನೆ ಇದ್ದರೆ ಆ ವಿನಾಯಿತಿಗೆ ಈಗ 10 ಕೋಟಿಯ ಮಿತಿ ಇದೆ. ಎಸ್ಕ್ರೋ ಅವಧಿ ಮುಗಿಯುವ ಹೊತ್ತಿಗೆ ಒಂದು ಕ್ಲೇಮ್ ಬರುವ ಸಾಧ್ಯತೆ ಇಟ್ಟುಕೊಂಡೇ ಇರಬೇಕು. ಒಪ್ಪಂದದ ಕೊನೆಯಲ್ಲಿ ನೋಟಿಸ್ ಕಳಿಸುವ ವಿಳಾಸದ ಕಲಂ ಇರುತ್ತದೆ, ಅಲ್ಲಿ ಬಹಳಷ್ಟು ಸ್ಥಾಪಕರು ಕಂಪನಿಯ ಇಮೇಲ್ ಬರೆದಿರುತ್ತಾರೆ. ಹದಿನಾಲ್ಕನೇ ತಿಂಗಳಿಗೆ ಅವರು ಕೆಲಸ ಬಿಟ್ಟರೆ ಆ ಇಮೇಲ್ ಅಂದೇ ಬಂದ್. ಹದಿನೇಳನೇ ತಿಂಗಳಿಗೆ ಬಂದ ಕ್ಲೇಮ್‌ಗೆ 30 ದಿನದಲ್ಲಿ ಉತ್ತರ ಹೋಗದಿದ್ದರೆ ಒಪ್ಪಿದಂತೆ ಎಂದು ಅದೇ ಒಪ್ಪಂದದಲ್ಲಿ ಬರೆದಿರುತ್ತದೆ. ಸಹಿ ಹಾಕುವ ಮುನ್ನ ಅಲ್ಲಿ ನಿಮ್ಮ ಖಾಸಗಿ ಇಮೇಲ್, ಮನೆಯ ವಿಳಾಸ, ಜೊತೆಗೆ ನಿಮ್ಮ ವಕೀಲರ ವಿಳಾಸವನ್ನೂ ಬರೆಸಿ.